ಕೈ ಕಟ್ಟಿ ಕೂಡುವ ಕೆಲಸ

ಬಸವನಬಾಗೇವಾಡಿ ಕಡೆಯಿಂದ ಜರ್ಮನಿಗೆ ಹೋಗುವವರು ಓದಲಿಕ್ಕೆ ಹೋಗುತ್ತಾರೆ, ಇಲ್ಲವೇ ಕಂಪನಿ ಕಳಿಸಿದರೆ ಹೋಗುತ್ತಾರೆ. ನಾನು ಹೋದದ್ದು ಪ್ರೊಟೆಸ್ಟೆಂಟ್ ಸೇವಾಸಂಸ್ಥೆಯೊಂದರ ಸ್ವಯಂಸೇವಕಿಯಾಗಿ. ಸ್ಟುಟ್‌ಗಾರ್ಟ್ ಸೀಮೆಯ ಒಂದು ಸಣ್ಣ ಊರು, ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರು ವಾಸಿಸುವ ಮನೆ. ಸಂಬಳವಿಲ್ಲ, ಊಟ, ವಸತಿ, ವಿಮೆ, ಕೈಖರ್ಚಿಗೆ ಒಂದಿಷ್ಟು ದುಡ್ಡು. ಮನೆಯವರೆಲ್ಲ ಒಪ್ಪಿದರೂ ಆಯಿ ಮಾತ್ರ ಕೇಳಿದಳು: "ಅಂಥಾ ಮಂದಿ ನಮ್ಮೂರಾಗ ಇಲ್ಲೇನವಾ? ಅಷ್ಟು ದೂರ ಯಾಕ ಹೋಗ್ತಿ?" ಅದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಹೋಗುವ ಮುಂಚೆ ನನ್ನ ಬಳಿ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ.

ಜರ್ಮನಿಯಲ್ಲಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತಿತು. ಸೈನ್ಯ ಬೇಡವೆಂದ ಹುಡುಗರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಮಾಡುತ್ತಿದ್ದ ಬದಲಿ ಸೇವೆಯೂ ಅದರ ಜೊತೆಗೇ ಹೋಯಿತು. ಆಗ ಬಂದ ಸರ್ಕಾರಿ ಸ್ವಯಂಸೇವಾ ಯೋಜನೆ ಹೊರದೇಶದವರಿಗೂ ತೆರೆದಿದೆ. ಜಾತಿ, ಧರ್ಮ ಕೇಳುವುದಿಲ್ಲ, ಆದರೆ ಭಾಷೆ ಬೇಕು. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ: ವೀಸಾಕ್ಕೆ ಸಾಕಾಗುವಷ್ಟೇ ಜರ್ಮನ್ ಕಲಿತು ವಿಮಾನ ಹತ್ತಬೇಡಿ. ಹೊಟ್ಟೆ ನೋಯುತ್ತಿದೆ ಎಂದು ಒಬ್ಬರು ಹೇಳಿದಾಗ ತಿಳಿಯದೇ ಹೋದರೆ ಸೇವೆ ಎನ್ನುವುದಕ್ಕೆ ಅರ್ಥವಿಲ್ಲ. ನಾನಿದ್ದ ಸೀಮೆಯಲ್ಲೇ ಹುಟ್ಟಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. 1894ರಲ್ಲಿ ಕನ್ನಡದ ಮಹಾನಿಘಂಟು ಕೊಟ್ಟ ಕಿಟ್ಟೆಲ್ ಕೊನೆಯುಸಿರೆಳೆದದ್ದು ಅಲ್ಲೇ ಹತ್ತಿರದ ಟ್ಯೂಬಿಂಗೆನ್‌ನಲ್ಲಿ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ಪರ ಊರಿಗೆ ಕಾಲಿಟ್ಟವರು ಮೊದಲು ಅಲ್ಲಿನವರ ಮಾತಿಗೆ ಶಿಷ್ಯರಾಗಬೇಕು ಎಂಬುದನ್ನು ಅವರಷ್ಟು ಶ್ರದ್ಧೆಯಿಂದ ನಡೆಸಿದವರು ಕಡಿಮೆ.

ಮನೆಯಲ್ಲಿ ಬೆಳಗಿನ ನಾಷ್ಟಾಕ್ಕೆ ಮುಂಚೆ ಆ ದಿನದ ಬೈಬಲ್ ವಾಕ್ಯ ಓದುತ್ತಿದ್ದರು. ದಿನಕ್ಕೊಂದು ವಾಕ್ಯ ಆರಿಸಿ ಅಚ್ಚು ಹಾಕುವ ಈ ಪದ್ಧತಿ ಹೆರ್ನ್‌ಹುಟ್ ಎಂಬ ಊರಿನಿಂದ 1731ರಿಂದ ನಡೆದು ಬಂದಿದೆ. ನನ್ನ ಕೊರಳಲ್ಲಿನ ಕರಡಿಗೆ ನೋಡಿ ಅದರಲ್ಲೇನಿದೆ ಎಂದು ಕೇಳಿದರು, ಇಷ್ಟಲಿಂಗ ಎಂದೆ. ಅದನ್ನು ತೆಗೆದಿಡು ಎಂದವರು ಒಬ್ಬರೂ ಇಲ್ಲ. ಓದು ಮುಗಿದ ಮೇಲೆ ಬ್ರೆಡ್ಡು, ಬೆಣ್ಣೆ. ಐವತ್ತು ದಾಟಿದ ಒಬ್ಬರಿಗೆ ಕೈ ನಡುಗುತ್ತಿತ್ತು. ಒಂದು ತುಂಡಿಗೆ ಬೆಣ್ಣೆ ಸವರಲು ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ನನಗೆ ಕಲಿಸುತ್ತಿದ್ದ ಹಿರಿಯ ಸಿಬ್ಬಂದಿ ಹೇಳಿದ್ದು ಇಷ್ಟೇ: ಪಕ್ಕದಲ್ಲಿ ಕೂಡು, ಕೈ ಹಾಕಬೇಡ, ಅವರು ಕೇಳಿದರೆ ಮಾತ್ರ ಕೊಡು. ನಮ್ಮಲ್ಲಿ ಪ್ರೀತಿ ಎಂದರೆ ಮುರಿದು, ಕಲಸಿ, ತುತ್ತು ಮಾಡಿ ಬಾಯಿಗಿಡುವುದು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಮುತ್ಯಾನಿಗೆ ಉಣ್ಣಿಸಿದ ಕೈ ನನ್ನದು. ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂಡುವಷ್ಟು ಕಷ್ಟದ ಕೆಲಸ ಆ ಮನೆಯಲ್ಲಿ ಬೇರೆ ಇರಲಿಲ್ಲ. ಹಾಗೆ ಕೂತಾಗಲೇ ಆ ಮನುಷ್ಯ ಬೆಣ್ಣೆಯನ್ನು ಅಂಚಿನ ತನಕ, ಒಂದು ಮೂಲೆಯನ್ನೂ ಬಿಡದೆ ಸವರುತ್ತಾರೆ ಎಂಬುದು ಕಣ್ಣಿಗೆ ಬಿತ್ತು. ಅದು ಅವರ ರುಚಿ. ನಾನು ಸವರಿಕೊಟ್ಟಿದ್ದರೆ ಅವರಿಗೊಂದು ರುಚಿ ಇದೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಹೆಸರು ಚರ್ಚಿನದಾದರೂ ಅಲ್ಲಿನ ಖರ್ಚಿನ ಬಹುಪಾಲು ಸರ್ಕಾರಿ ನಿಧಿ ಮತ್ತು ವಿಮೆಯಿಂದ ಬರುತ್ತದೆ. ಆದ್ದರಿಂದ ನಿವಾಸಿಗಳು ಯಾರ ಋಣದಲ್ಲೂ ಇಲ್ಲ. ಊಟ ತಡವಾದರೆ ಗಟ್ಟಿಯಾಗಿ ಕೇಳುತ್ತಾರೆ.

ಕೈ ಹಾಕಬೇಡ ಎನ್ನುವಷ್ಟು ಜಾಗರೂಕತೆ ಎಲ್ಲಿಂದ ಬಂತು ಎಂದು ತಿಳಿದದ್ದು ಗ್ರಾಫೆನೆಕ್ ಎಂಬ ಅರಮನೆಯಲ್ಲಿ. ಸೇವಾವರ್ಷದಲ್ಲಿ 25 ದಿನ ಶಿಬಿರ ಕಡ್ಡಾಯ. ಅಂಥ ಒಂದು ಶಿಬಿರದಲ್ಲಿ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಗುಡ್ಡದ ಮೇಲಿನ ಆ ಅರಮನೆಯಲ್ಲಿ ಕ್ರೈಸ್ತ ಸಂಸ್ಥೆಯೊಂದು ಅಂಗವಿಕಲರ ಮನೆ ನಡೆಸುತ್ತಿತ್ತು. 1939ರ ಅಕ್ಟೋಬರ್‌ನಲ್ಲಿ ನಾಜಿ ಸರ್ಕಾರ ಅದನ್ನು ವಶಪಡಿಸಿಕೊಂಡಿತು. 1940ರ ಒಂದೇ ವರ್ಷದಲ್ಲಿ 10,600ಕ್ಕೂ ಹೆಚ್ಚು ಅಂಗವಿಕಲರನ್ನು, ಮಾನಸಿಕ ಕಾಯಿಲೆಯವರನ್ನು ಅಲ್ಲಿ ವಿಷಾನಿಲ ಬಿಟ್ಟು ಕೊಂದರು. ಚರ್ಚಿನ ಮನೆಗಳಿಂದಲೂ ಬೂದು ಬಣ್ಣದ ಬಸ್ಸುಗಳಲ್ಲಿ ಜನರನ್ನು ಒಯ್ದರು. ವ್ಯೂರ್ಟೆಂಬರ್ಗಿನ ಬಿಷಪ್ ಥಿಯೋಫಿಲ್ ವುರ್ಮ್ ಆ ಜುಲೈನಲ್ಲಿ ಸರ್ಕಾರಕ್ಕೆ ಪ್ರತಿಭಟನೆಯ ಪತ್ರ ಬರೆದರು, ಆದರೂ ಬಸ್ಸುಗಳು ಡಿಸೆಂಬರ್‌ವರೆಗೆ ಓಡಿದವು. ಯಾರು ಬದುಕಲು ಯೋಗ್ಯರು ಎಂಬುದನ್ನು ಡಾಕ್ಟರರು ಅರ್ಜಿ ನಮೂನೆ ನೋಡಿ ತೀರ್ಮಾನಿಸುತ್ತಿದ್ದರಂತೆ, ಆ ಮನುಷ್ಯರ ಮುಖವನ್ನೂ ನೋಡದೆ. ಇವತ್ತು ಅಲ್ಲಿ ಸ್ಮಾರಕವಿದೆ. ಅದರ ಪಕ್ಕದಲ್ಲೇ ಮತ್ತೆ ಅಂಗವಿಕಲರು ವಾಸಿಸುತ್ತಿದ್ದಾರೆ. ಅಲ್ಲಿಂದ ಬಂದ ಮೇಲೆ, ಪಕ್ಕದಲ್ಲಿ ಸುಮ್ಮನೆ ಕೂಡು ಎಂದ ಆ ಹಿರಿಯಾಕೆಯ ಮಾತಿನ ಹಿಂದೆ ಎಷ್ಟು ದೊಡ್ಡ ನೋವಿದೆ ಎಂದು ತಿಳಿಯಿತು.

ಊರಿಗೆ ಮರಳಿದ ಮೇಲೆ ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜೊತೆ ಮನೆಮನೆಗೆ ಹೋಗುತ್ತೇನೆ. ಅಂಗವಿಕಲ ಹುಡುಗನನ್ನು ಕೇಳಿದರೆ ತಾಯಿ ಉತ್ತರ ಕೊಡುತ್ತಾಳೆ: "ಅಂವಗೇನ್ ತಿಳೀತದ್ರೀ, ನನ್ನ ಕೇಳ್ರಿ." ಅವಳ ಮೇಲೆ ನನಗೆ ಸಿಟ್ಟಿಲ್ಲ. ಮನೆಮಂದಿ ಗುಳೆ ಹೋದಾಗ ಅವನೊಬ್ಬನಿಗಾಗಿ ಊರಲ್ಲೇ ಉಳಿದವಳು ಅವಳು. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಮುದ್ದೇಬಿಹಾಳದಿಂದ ವಿಜಯಪುರದ ಜಿಲ್ಲಾಸ್ಪತ್ರೆಗೆ ಸುಮಾರು 80 ಕಿ.ಮೀ. ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಓಡಾಡಿದವಳೂ ಅವಳೇ. ಅವಳ ಮಾತು ಕೇಳಿ, ಮತ್ತೆ ಹುಡುಗನ ಕಡೆ ತಿರುಗಿ, ಉತ್ತರ ಬರುವ ತನಕ ಕಾಯುತ್ತೇನೆ. ಒಬ್ಬ ಕೆಲಸ ಬೇಕು ಎಂದ. ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಎಂಬ ನಿಯಮ ಅವನ ತಾಯಿಗೆ ಯಾರೂ ಹೇಳಿರಲಿಲ್ಲ. ಕೂಲಿ ಗುಂಪು ನೋಡಿಕೊಳ್ಳುವ ಕಾಯಕ ಬಂಧುವಿನ ಜೊತೆ ಮಾತಾಡಿ, ಕೆಲಸಗಾರರಿಗೆ ನೀರು ಕೊಡುವ ಕೆಲಸಕ್ಕೆ ಅವನ ಹೆಸರು ಬರೆಸಿದೆವು.

ಮೂರೂ ತಾಲೂಕಿನಲ್ಲಿ ಶಾಲೆ ಬಿಟ್ಟ ಇಂಥ ದೊಡ್ಡ ಮಕ್ಕಳು ದಿನಾ ಬಂದು ಕೂಡುವ, ಕೈಲಾದ ಕೆಲಸ ಮಾಡುವ ಒಂದು ಜಾಗ ಬೇಕು. ಗ್ರಾಮ ಪಂಚಾಯಿತಿಗಳು ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಆ ಹಣವನ್ನು ನಾಲ್ಕಾರು ಪಂಚಾಯಿತಿ ಕೂಡಿಸಿದರೆ ಬಾಡಿಗೆಗೆ ಒಂದು ಮನೆ, ಒಬ್ಬ ಆಯಾ, ಕರೆತರಲು ಒಂದು ಟಂಟಂ ಗಾಡಿಯಿಂದ ಸುರು ಮಾಡಬಹುದು. ಗ್ರಾಮಸಭೆಯಲ್ಲಿ ಇದನ್ನೇ ಕೇಳುತ್ತಿದ್ದೇವೆ, ಮುಂದಿನ ಸಭೆಯಲ್ಲೂ ಕೇಳುತ್ತೇವೆ. ಅಲ್ಲಿಗೆ ತಾಯಂದಿರಷ್ಟೇ ಬಂದರೆ ಸಾಲದು, ಮಕ್ಕಳೂ ಬಂದು ಕುರ್ಚಿಯಲ್ಲಿ ಕೂಡಬೇಕು.