ಪಕ್ಕದ ತೋಟ ನೋಡುವಾಗ

ತಮ್ಮಾ, ಡಿಗ್ರಿ ಮುಗಿಸಿ ಊರಿಗೆ ಬಂದು ಅಪ್ಪನ ಲಿಂಬಿ ತೋಟ ನೋಡಿಕೊಳ್ಳುತ್ತಿದ್ದೀ ಅಂತ ಕೇಳಿ ಹಿಗ್ಗಾಯಿತು. ಇಂಡಿ ಸೀಮೆಯ ಹಳೇ ರೈತರು ಲಿಂಬಿ ಬೆಳೆಯುವುದನ್ನು ಕಲಿತದ್ದು ಒಬ್ಬರ ತೋಟ ಇನ್ನೊಬ್ಬರು ನೋಡಿ. ನೀನೂ ಹಾಗೇ ಕಲಿಯುತ್ತೀ. ಆದರೆ ನೋಡುವುದಕ್ಕೂ ಒಂದು ಹದ ಬೇಕು.

ಬೇಸಿಗೆಯಲ್ಲಿ ಲಿಂಬಿಗೆ ರೇಟು ಏರುತ್ತದೆ. ಆ ಹೊತ್ತಿಗೆ ಕಾಯಿ ಸಿಗಬೇಕಾದರೆ ಹಸ್ತ ಮಳೆಯ ಆಸುಪಾಸಿನಲ್ಲಿ ಗಿಡ ಹೂವಿಗೆ ಬರಬೇಕು. ಅದಕ್ಕಾಗಿ ಮೊದಲು ನೀರು ನಿಲ್ಲಿಸಿ ಗಿಡ ಬಾಡಿಸುತ್ತಾರೆ, ಆಮೇಲೆ ಗೊಬ್ಬರ ಹಾಕಿ ನೀರು ಬಿಡುತ್ತಾರೆ. ಪಕ್ಕದವರು ಎಷ್ಟು ದಿನ ನಿಲ್ಲಿಸಿದರೋ ಅಷ್ಟೇ ದಿನ ನೀನೂ ನಿಲ್ಲಿಸಿದರೆ ಕೆಟ್ಟೆ. ಅವರದು ಮಡ್ಡಿ ನೆಲ, ಬೇಗ ಒಣಗುತ್ತದೆ. ನಿನ್ನದು ಎರಿ, ತೇವ ಹಿಡಿದುಕೊಂಡೇ ಇರುತ್ತದೆ. ನಡುವೆ ಒಂದು ಮಳೆ ಬಿತ್ತೋ, ಇಬ್ಬರ ಲೆಕ್ಕವೂ ತಪ್ಪಿತು. ದಿನ ಎಣಿಸಬೇಡ, ಎಲೆ ನೋಡು. ಎಲೆ ಮುದುಡಿ ಒಂದಿಷ್ಟು ಉದುರಲು ಹತ್ತಿದರೆ ಸಾಕು, ಅದಕ್ಕೂ ಮುಂದೆ ಹೋದರೆ ಟೊಂಗೆಯೇ ಒಣಗುತ್ತದೆ. ಪಕ್ಕದವರ ಕೈ ಏನು ಮಾಡಿತು ಅನ್ನುವುದಷ್ಟೇ ಕಣ್ಣಿಗೆ ಬೀಳುತ್ತದೆ. ಯಾಕೆ ಮಾಡಿತು ಅನ್ನುವುದನ್ನು ಬಾಯಿಬಿಟ್ಟು ಕೇಳಬೇಕು. ಕೇಳಲು ನಾಚಬೇಡ.

ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ ಅನುಭವದಿಂದ ಕಲಿಯುವ ಕುರಿತ 1984ರ ತಮ್ಮ ಪುಸ್ತಕದಲ್ಲಿ ಹಾಕಿಕೊಟ್ಟ ದಾರಿಯೂ ಇದಕ್ಕೆ ಹತ್ತಿರ: ಮಾಡಿದ ಮೇಲೆ ಆದದ್ದನ್ನು ತಿರುಗಿ ನೋಡು, ಕಾರಣ ಹುಡುಕು, ಮುಂದಿನ ಸಲ ಅದನ್ನು ಪರೀಕ್ಷೆಗೆ ಹಚ್ಚು. ಬರೀ ವಯಸ್ಸಾದರೆ ಅನುಭವ ಬರುವುದಿಲ್ಲ.

ಇನ್ನೊಂದು ಮಾತು, ಇದು ತೋಟಕ್ಕಿಂತ ದೊಡ್ಡದು. ಅಣ್ಣನ ಮಗ ದಿನವೂ ನಿನ್ನ ಬೆನ್ನಿಗೇ ಇರುತ್ತಾನಂತೆ. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಜೊತೆಗಾರರು, ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದುವುದನ್ನು ಚಿಕ್ಕ ಮಕ್ಕಳಿಗೆ ತೋರಿಸಿದರು. ಬೊಂಬೆ ಕೈಗೆ ಸಿಕ್ಕಾಗ ಎಷ್ಟೋ ಮಕ್ಕಳು ಅದೇ ಏಟು ಕೊಟ್ಟರು, ಅದೇ ಮಾತು ಆಡಿದರು. 1965ರಲ್ಲಿ ಬಂಡೂರಾ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅದರಲ್ಲಿ ಬೊಂಬೆ ಹೊಡೆದವನಿಗೆ ಶಿಕ್ಷೆಯಾದ ಸಿನಿಮಾ ನೋಡಿದ ಮಕ್ಕಳು, ಶಿಕ್ಷೆಯಿಲ್ಲದ ಸಿನಿಮಾ ನೋಡಿದವರಿಗಿಂತ ಹೊಡೆದದ್ದು ಕಡಿಮೆ. ಹಾಗಾದರೆ ಅವರು ಕಲಿತಿರಲಿಲ್ಲವೇ? ಕಂಡದ್ದನ್ನು ಮಾಡಿ ತೋರಿಸಿದರೆ ಜ್ಯೂಸು, ಸ್ಟಿಕ್ಕರು ಕೊಡುತ್ತೇವೆ ಅಂದದ್ದೇ ತಡ, ಅವರೂ ಉಳಿದವರಷ್ಟೇ ಮಾಡಿ ತೋರಿಸಿದರು. ಎಲ್ಲವೂ ಒಳಗೆ ಕೂತಿತ್ತು. ಇದು ನನ್ನನ್ನು ಬಹಳ ಕಾಡುತ್ತದೆ. ನೀನು ಎತ್ತಿಗೆ ಬಾರಕೋಲು ಬೀಸುವಾಗ, ಆಳಿನ ಮೇಲೆ ರೇಗುವಾಗ ಆ ಹುಡುಗ ಸುಮ್ಮನೆ ನಿಂತಿದ್ದಾನೆ ಅಂದುಕೊಳ್ಳಬೇಡ.

ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಗೋವಾಕ್ಕೆ, ಪುಣೆಗೆ ದುಡಿಯಲು ಹೋದ ಹುಡುಗರನ್ನು ನೋಡಿದ್ದೀಯಲ್ಲ. ಪುಸ್ತಕ ಮುಟ್ಟದೆ, ಮೇಸ್ತ್ರಿಯ ಕೈ ನೋಡಿಯೇ ಗೌಂಡಿ ಕೆಲಸ ಕಲಿತರು. ಅದೇ ಜಾಗದಲ್ಲಿ ಕೆಲವರು ಕುಡಿತವನ್ನೂ ನೋಡಿಯೇ ಕಲಿತರು. ಕಂಡದ್ದೆಲ್ಲ ಮಾಡಲೇಬೇಕೆಂಬ ಕಟ್ಟಳೆ ಇಲ್ಲ, ತಮ್ಮಾ. ಬಸವನ ಬಾಗೇವಾಡಿ ನಮಗೆ ದೂರವೇ? ಅಲ್ಲಿ ಹುಟ್ಟಿದ ಬಸವಣ್ಣ ಮನೆಯ ಆಚಾರವನ್ನು ಕಣ್ಣಾರೆ ಕಂಡು ಬೆಳೆದೂ, ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಕೂಡಲಸಂಗಮಕ್ಕೆ ನಡೆದನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಈ ಸಲ ಒಂದು ನೋಟ್‌ಬುಕ್ ಇಟ್ಟುಕೋ. ನೀರು ಯಾವತ್ತು ನಿಲ್ಲಿಸಿದೆ, ಎಲೆ ಯಾವತ್ತು ಮುದುಡಿತು, ಮಳೆ ಎಷ್ಟು ಬಿತ್ತು, ಹೂವು ಯಾವತ್ತು ಬಂತು, ಎಲ್ಲ ಬರೆ. ಆ ಹುಡುಗನ ಕೈಯಲ್ಲೂ ಬರೆಸು. ಪಕ್ಕದವರ ತಾರೀಖುಗಳನ್ನೂ ಕೇಳಿ ಎದುರಿಗೇ ಬರೆದಿಡು.