ಕೂಡಿ ಕುಡಿಯುವ ಚಹಾ: ಸಂತ ವ್ಯಾಲೆಂಟೈನರ ದಿನಕ್ಕೊಂದು ಮನೆಪಾಠ

ಓದಿಕೊಳ್ಳಬೇಕಾದ ವಾಕ್ಯಭಾಗ: ಯೊವಾನ್ನ 21:1-17



ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳ ಒಂದು ಭಾನುವಾರ, ಪೂಜೆಯ ಪ್ರಬೋಧನೆಯಲ್ಲಿ ನಾನು ವ್ಯಾಲೆಂಟೈನ್ ದಿನವನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡೆ. ಅಂಗಡಿಯವರ ಹಬ್ಬ, ದುಡ್ಡು ಪೋಲು, ಹುಡುಗರ ಹುಚ್ಚು ಎಂದೆಲ್ಲ ಹೇಳಿದೆ. ಹಿರಿಯರು ತಲೆದೂಗಿದರು. ಯುವಕರು ತಲೆ ತಗ್ಗಿಸಿದರು. ಒಳ್ಳೆಯ ಪ್ರಬೋಧನೆ ಕೊಟ್ಟೆನೆಂದು ನಾನೂ ಬೀಗಿದೆ.

ಪೂಜೆ ಮುಗಿದ ಮೇಲೆ ಅರವತ್ತು ದಾಟಿದ ತಾಯಿಯೊಬ್ಬರು ದೇವಾಲಯದ ಬಾಗಿಲ ಬಳಿ ನಿಂತಿದ್ದರು. ಅವರ ಪತಿ ತೀರಿಕೊಂಡು ವರ್ಷವಾಗಿತ್ತು. “ಸ್ವಾಮಿ, ನೀವು ಹೇಳಿದ್ದೆಲ್ಲ ಸರಿ. ಆದರೆ ನಮ್ಮ ಯಜಮಾನರು ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ನನ್ನ ಜೊತೆ ಕೂತು ಕಾಫಿ ಕುಡಿದವರಲ್ಲ. ಕೆಟ್ಟವರಲ್ಲ ಸ್ವಾಮಿ. ಕುಡಿತ ಇರಲಿಲ್ಲ, ಹೊಡೆತ ಇರಲಿಲ್ಲ. ಅವರು ಜಗಲಿ ಮೇಲೆ, ನಾನು ಒಲೆ ಮುಂದೆ. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಎರಡು ಗುಟುಕು ಕುಡಿದು, ಮಿಕ್ಕಿದ್ದನ್ನು ಮುಚ್ಚಳದಲ್ಲೇ ನನ್ನ ಕಡೆ ನೀಡಿ, ‘ನೀನೂ ಕುಡಿ’ ಅಂದರು. ಆ ಒಂದು ಮುಚ್ಚಳ ಕಾಫಿ ನೆನೆಸಿಕೊಂಡು ಈಗಲೂ ಅಳ್ತೀನಿ” ಎಂದರು.

ನನಗೆ ಮಾತೇ ಹೊರಡಲಿಲ್ಲ. ಆ ರಾತ್ರಿ ನನ್ನ ಸ್ವಂತ ತಾಯಿ ನೆನಪಾದರು. ಅವರು ಕುಳಿತು ಕಾಫಿ ಕುಡಿದದ್ದನ್ನು ನಾನು ಕಂಡ ನೆನಪಿಲ್ಲ. ನಮಗೆಲ್ಲ ಕೊಟ್ಟು, ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ನಿಂತೇ ಕುಡಿಯುತ್ತಿದ್ದರು. “ಅಮ್ಮ, ಕೂತ್ಕೋ” ಎಂದು ನಾನೂ ಒಂದು ದಿನ ಹೇಳಲಿಲ್ಲ. ಪ್ರೀತಿಯ ಬಗ್ಗೆ ಅಷ್ಟು ಜೋರಾಗಿ ಪ್ರಬೋಧಿಸಿದವನ ಕಥೆ ಇದು! ಆದ್ದರಿಂದ ಈ ವಾರ ಬೈಗುಳ ಬೇಡ, ಒಂದು ಪಾಠ ಕಲಿಯೋಣ.

ಈ ಸಂತರು ಯಾರು?

ಸಂತ ವ್ಯಾಲೆಂಟೈನರ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ಬಹಳ ಕಡಿಮೆ. ಆದಿಕಾಲದ ಧರ್ಮಸಭೆಯಲ್ಲಿ ಆ ಹೆಸರಿನ ರಕ್ತಸಾಕ್ಷಿಯೊಬ್ಬರಿದ್ದರು. ರೋಮ್ ನಗರದಿಂದ ಉತ್ತರಕ್ಕೆ ಹೋಗುವ ಫ್ಲಾಮಿನಿಯ ಹೆದ್ದಾರಿಯ ಪಕ್ಕದಲ್ಲಿ ಅವರ ಸಮಾಧಿಯಿತ್ತು. ಫೆಬ್ರವರಿ 14ರಂದು ಅವರ ಸ್ಮರಣೆ ನಡೆಯುತ್ತಿತ್ತು. ಚಕ್ರವರ್ತಿಯ ಆಜ್ಞೆಯನ್ನು ಮೀರಿ ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸುತ್ತಿದ್ದರೆಂಬ ಕಥೆ ನಂತರದ ದಂತಕಥೆ. ಅವರ ಬಗ್ಗೆ ತಿಳಿದದ್ದು ಇಷ್ಟೇ ಆದ ಕಾರಣ 1969ರಲ್ಲಿ ಧರ್ಮಸಭೆ ತನ್ನ ಸಾರ್ವತ್ರಿಕ ಪೂಜಾ ಪಂಚಾಂಗದಿಂದ ಆ ಹಬ್ಬವನ್ನು ಕೈಬಿಟ್ಟಿತು. ಆದರೆ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಇಂದಿಗೂ ಇದೆ.

ಹಾಗಾದರೆ ಪ್ರೇಮಿಗಳ ನಂಟು ಎಲ್ಲಿಂದ ಬಂತು? 14ನೆಯ ಶತಮಾನದ ಆಂಗ್ಲ ಕವಿ ಚಾಸರ್, ಸಂತ ವ್ಯಾಲೆಂಟೈನರ ದಿನ ಹಕ್ಕಿಗಳು ತಮ್ಮ ಜೋಡಿಯನ್ನು ಆರಿಸಿಕೊಳ್ಳುತ್ತವೆಂದು ಒಂದು ಕಾವ್ಯ ಬರೆದನು. ಆಮೇಲೆ ಓಲೆಗಳು ಬಂದವು. 1477ರಲ್ಲಿ ಮಾರ್ಜರಿ ಬ್ರೂಸ್ ಎಂಬ ತರುಣಿ ತನ್ನನ್ನು ಮದುವೆಯಾಗಲಿದ್ದ ಜಾನ್ ಪ್ಯಾಸ್ಟನ್‌ಗೆ ಬರೆಸಿದ ಓಲೆ ಇಂದಿಗೂ ಉಳಿದಿದೆ. ಹೃದಯದ ಆಕಾರದ ಚಾಕಲೇಟ್ ಡಬ್ಬಿಗಳನ್ನು ರಿಚರ್ಡ್ ಕ್ಯಾಡ್ಬರಿ ಮಾರುಕಟ್ಟೆಗೆ ತಂದದ್ದು 1860ರ ದಶಕದಲ್ಲಿ. ಅಂಗಡಿಯ ಸಡಗರ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಈ ದಿನ ಪ್ರೇಮಿಗಳಿಗಷ್ಟೇ ಮೀಸಲೂ ಅಲ್ಲ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಆ ಸಂಜೆ ಯಾರೋ ಬಾಗಿಲು ತಟ್ಟುತ್ತಾರೆ. ಮಕ್ಕಳು ಓಡಿಬಂದು ತೆರೆದರೆ ಹೊಸ್ತಿಲ ಮೇಲೆ ಪುಟ್ಟ ಉಡುಗೊರೆ ಇರುತ್ತದೆ, ತಟ್ಟಿದವರು ಮಾಯ! ಫಿನ್ಲೆಂಡ್ ದೇಶದಲ್ಲಿ ಆ ದಿನದ ಹೆಸರೇ ‘ಸ್ನೇಹಿತರ ದಿನ’. ನಮ್ಮ ಧರ್ಮಸಭೆಯಲ್ಲಿ ಈಗ ಫೆಬ್ರವರಿ 14ರಂದು ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸ್ ಎಂಬ ಸಂತರನ್ನು ಸ್ಮರಿಸುತ್ತೇವೆ. ಅವರು ಒಡಹುಟ್ಟಿದವರು. 9ನೆಯ ಶತಮಾನದಲ್ಲಿ ಸ್ಲಾವ್ ಜನರಿಗೆ ಅವರ ತಾಯ್ನುಡಿಯಲ್ಲೇ ದೇವರ ವಾಕ್ಯವನ್ನು ಉಣಬಡಿಸಿದ ಅಣ್ಣತಮ್ಮಂದಿರು. ಒಂದೇ ಒಲೆಯ ಅನ್ನ ಉಂಡು ಬೆಳೆದವರ ಹಬ್ಬವನ್ನು ಮನೆಮಂದಿ ಕೂಡಿ ಆಚರಿಸುವುದು ಸರಿಯಲ್ಲವೇ?

ಎರಡು ಕೆಂಡದ ಒಲೆಗಳು

ಯೊವಾನ್ನರ ಶುಭಸಂದೇಶದಲ್ಲಿ ಎರಡು ಕಡೆ ಇದ್ದಿಲ ಬೆಂಕಿಯ ಪ್ರಸ್ತಾಪವಿದೆ. ಮೊದಲನೆಯದು ಪ್ರಧಾನಯಾಜಕನ ಅಂಗಳದಲ್ಲಿ (18:18). ಅಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರನು ತನ್ನ ಗುರುವನ್ನು ಅರಿಯೆನೆಂದು ಮೂರು ಬಾರಿ ಹೇಳಿದನು. ಎರಡನೆಯದು ಸರೋವರದ ದಡದಲ್ಲಿ (21:9). ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ, ದಣಿದು, ಬರಿಗೈಯಲ್ಲಿದ್ದರು. ಪುನರುತ್ಥಾನರಾದ ಯೇಸುಸ್ವಾಮಿ ಬೆಂಕಿ ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಇಟ್ಟು ಅವರಿಗಾಗಿ ಕಾದಿದ್ದರು.

ಕ್ರಮವನ್ನು ಗಮನಿಸಿ. ಪೇತ್ರನು ತಪ್ಪು ಮಾಡಿದ್ದನು, ಲೆಕ್ಕ ಕೇಳಬೇಕಿತ್ತು. ಆದರೆ ಸ್ವಾಮಿ ಮೊದಲು ಲೆಕ್ಕ ಕೇಳಲಿಲ್ಲ. ಮೊದಲು ಊಟಕ್ಕೆ ಕರೆದರು, ತಮ್ಮ ಕೈಯಿಂದಲೇ ಬಡಿಸಿದರು. ಹೊಟ್ಟೆ ತುಂಬಿದ ಮೇಲೆಯೇ ತನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಬಾರಿ ಕೇಳಿದರು. ಕೆಂಡದ ಮುಂದೆ ಮುರಿದದ್ದು ಕೆಂಡದ ಮುಂದೆಯೇ ಕೂಡಿಕೊಂಡಿತು.

ನಮ್ಮ ಮನೆಗಳಲ್ಲಿ ನಡೆಯುವುದೇನು? ರಾತ್ರಿ ಪಾಳಿ ಮುಗಿಸಿ ಬಂದ ಗಂಡನಿಗೆ ಬಾಗಿಲಲ್ಲೇ ಪ್ರಶ್ನೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದ ಹೆಂಡತಿಗೆ “ಇನ್ನೂ ಅಡುಗೆ ಆಗಿಲ್ವಾ?” ಎಂಬ ಸ್ವಾಗತ. ಮಕ್ಕಳಿಗೆ ಚೀಲ ಇಳಿಸುವ ಮೊದಲೇ ಅಂಕದ ವಿಚಾರಣೆ. ಸ್ವಾಮಿಯ ಕ್ರಮವನ್ನು ಕಲಿಯೋಣ: ಮೊದಲು ತಿಂಡಿ, ಆಮೇಲೆ ಮಾತು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನೀತಿಗ್ರಂಥವನ್ನು ನಮಗೆ ಕಲಿಸಿದರು. ಜೊತೆಯಲ್ಲಿ ಸಾಕಷ್ಟು ಉಪ್ಪು ತಿನ್ನದ ಹೊರತು ಇಬ್ಬರು ಒಬ್ಬರನ್ನೊಬ್ಬರು ಅರಿಯಲಾರರೆಂಬ ಗಾದೆಯನ್ನು ಅವನು ನೆನಪಿಸುತ್ತಾನೆ. ಉಪ್ಪಿನ ಋಣ ಎನ್ನುವ ನಮಗೆ ಇದು ಹೊಸದೇನಲ್ಲ. ಇನ್ನೊಂದು ಮಾತನ್ನೂ ಹೇಳುತ್ತಾನೆ: ದನಗಳಿಗೆ ಕೂಡಿರುವುದೆಂದರೆ ಒಂದೇ ಬಯಲಲ್ಲಿ ಮೇಯುವುದು, ಮನುಷ್ಯರಿಗೆ ಕೂಡಿರುವುದೆಂದರೆ ಮಾತನ್ನೂ ಆಲೋಚನೆಯನ್ನೂ ಹಂಚಿಕೊಳ್ಳುವುದು. ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಮೊಬೈಲ್ ಹಿಡಿದು ಚಹಾ ಕುಡಿದರೆ ಅದು ಯಾವ ಬಗೆಯದು? ನೀವೇ ಹೇಳಿ.

ಚೌಕ ಮತ್ತು ದುಂಡು

ಈಗ ಅಡುಗೆಮನೆಗೆ ಹೋಗೋಣ. ಓವನ್ ಬೇಡ, ವಿಶೇಷ ಅಚ್ಚೂ ಬೇಡ. ಕೊಬ್ಬರಿ ಮಿಠಾಯಿ ಸಾಕು.

ಎರಡು ಬಟ್ಟಲು ಹಸಿ ತೆಂಗಿನತುರಿ, ಒಂದೂವರೆ ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ನೀರು, ಎರಡು ಚಮಚ ತುಪ್ಪ, ಎರಡು ಏಲಕ್ಕಿ ತೆಗೆದುಕೊಳ್ಳಿ. ಗುಲಾಬಿ ಬಣ್ಣಕ್ಕೆ ಅಂಗಡಿಯ ಪುಡಿ ಬೇಡ. ಒಂದು ತುಂಡು ಬೀಟ್‌ರೂಟ್ ತುರಿದು ಹಿಂಡಿದರೆ ಎರಡು ಚಮಚ ರಸ ಸಿಗುತ್ತದೆ. ಸಕ್ಕರೆಗೆ ನೀರು ಹಾಕಿ ಒಂದೆಳೆ ಪಾಕ ಬರುವವರೆಗೆ ಕುದಿಸಿ. ತೆಂಗಿನತುರಿ, ಬೀಟ್‌ರೂಟ್ ರಸ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ತಳ ಬಿಟ್ಟು ಮುದ್ದೆಯಾಗುತ್ತಾ ಬಂದಾಗ ತುಪ್ಪ, ಏಲಕ್ಕಿ ಪುಡಿ ಹಾಕಿ ಇಳಿಸಿ.

ತುಪ್ಪ ಸವರಿದ ಅಗಲ ತಟ್ಟೆಯ ಮೇಲೆ ಇದನ್ನು ಎರಡು ಭಾಗ ಮಾಡಿ. ಬಿಸಿ ಸ್ವಲ್ಪ ಆರಿದ ಮೇಲೆ ಒಂದನ್ನು ಐದು ಅಂಗುಲದ ಚೌಕವಾಗಿ ತಟ್ಟಿ. ಇನ್ನೊಂದನ್ನು ಅದೇ ದಪ್ಪಕ್ಕೆ, ಐದು ಅಂಗುಲ ಅಗಲದ ದುಂಡಾಗಿ ತಟ್ಟಿ. ಗಟ್ಟಿಯಾದ ಮೇಲೆ ದುಂಡನ್ನು ನಡುವೆ ಸರಿಯಾಗಿ ಎರಡು ಹೋಳು ಮಾಡಿ. ಚೌಕದ ಒಂದು ಮೂಲೆ ನಿಮ್ಮ ಕಡೆಗೆ ಬರುವಂತೆ ತಿರುಗಿಸಿ. ಮೇಲಿನ ಎರಡು ಬದಿಗಳಿಗೆ ಎರಡು ಹೋಳುಗಳ ನೇರ ಅಂಚನ್ನು ಸೇರಿಸಿ. ನೋಡಿ, ಹೃದಯವಾಯಿತು!

ವಿವಾಹ ಸಿದ್ಧತೆಗೆ ಬರುವ ಜೋಡಿಗಳಿಗೆ ನಾನು ಈಗ ಇದನ್ನು ಕಾಗದದಲ್ಲಿ ಕತ್ತರಿಸಿ ತೋರಿಸುತ್ತೇನೆ. ಚೌಕ ಒಂದೇ ಇದ್ದರೆ ಹೃದಯವಲ್ಲ, ದುಂಡು ಒಂದೇ ಇದ್ದರೂ ಅಲ್ಲ. ಚೌಕ ತನ್ನ ಮೂಲೆಗಳನ್ನು ಕಳೆದುಕೊಳ್ಳುವುದಿಲ್ಲ, ಆದರೆ ತಿರುಗಿ ನಿಲ್ಲಬೇಕು. ದುಂಡು ತನ್ನ ದುಂಡನ್ನು ಬಿಡುವುದಿಲ್ಲ, ಆದರೆ ನಡುವೆ ಕೊಯ್ಯಿಸಿಕೊಳ್ಳಬೇಕು. ಬದಿಯ ಅಳತೆ ಎರಡಕ್ಕೂ ಒಂದೇ ಇರಬೇಕು. ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು ಎಂದರೆ ಹೃದಯ ಕೂಡುವುದಿಲ್ಲ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರಿಗೆ ಹುರಿದ ಕಡಲೆಬೀಜವನ್ನೋ ಒಗ್ಗರಣೆ ಅವಲಕ್ಕಿಯನ್ನೋ ಸ್ವಲ್ಪ ಇಡಿ. ಅವರ ಮುಂದೆ ನಾವು ಮಾತ್ರ ಸಿಹಿ ತಿನ್ನುವುದು ಬೇಡ.

ಚಹಾದ ಹೊತ್ತಿನ ಐದು ನಿಯಮಗಳು

1. ತಾಯಿ ಕುಳಿತಿರಬೇಕು. ಆ ದಿನ ಚಹಾ ಸೋಸುವುದು, ಲೋಟ ತೊಳೆಯುವುದು ತಂದೆ ಮಕ್ಕಳ ಪಾಲು. ನಾವು ಸಂಭ್ರಮಿಸಲೆಂದು ಮಾರ್ತಳ ಬೆನ್ನಿಗೆ ಇನ್ನೊಂದು ಮೂಟೆ ಹೊರಿಸಿದರೆ ಅದು ಪ್ರೀತಿಯಲ್ಲ.

2. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಟಿ.ವಿ. ಆರಿರಲಿ. ಅರ್ಧ ಗಂಟೆ ಸಾಕು.

3. ಸಾಲದ ಮಾತು, ಅಂಕದ ಮಾತು, ಬೀಗರ ದೂರು ಆ ಅರ್ಧ ಗಂಟೆ ಬೇಡ. 2014ರ ಫೆಬ್ರವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಮದುವೆ ನಿಶ್ಚಯವಾದ ಸಾವಿರಾರು ಜೋಡಿಗಳನ್ನು ಸಂತ ಪೇತ್ರರ ಚೌಕದಲ್ಲಿ ಭೇಟಿಯಾದರು. ಅಪ್ಪಣೆ ಕೇಳುವುದು, ಧನ್ಯವಾದ ಹೇಳುವುದು, ಕ್ಷಮೆ ಬೇಡುವುದು, ಈ ಮೂರನ್ನು ಕಲಿಯಿರಿ ಎಂದು ಬೋಧಿಸಿದರು. ನಿಮ್ಮಲ್ಲಿ ಪ್ರತಿಯೊಬ್ಬರೂ ಬಲಗಡೆ ಕುಳಿತವರಿಗೆ ಈ ವರ್ಷದ ಒಂದು ಉಪಕಾರಕ್ಕಾಗಿ ಧನ್ಯವಾದ ಹೇಳಿ. “ಎಲ್ಲಕ್ಕೂ ಥ್ಯಾಂಕ್ಸ್” ಎಂದು ತೇಲಿಸಬೇಡಿ. “ನನಗೆ ಜ್ವರ ಬಂದಾಗ ರಜೆ ಹಾಕಿದ್ದಕ್ಕೆ” ಎಂದು ಬಿಡಿಸಿ ಹೇಳಿ.

4. ಒಂದು ಲೋಟ ಹೆಚ್ಚಿಗೆ ಇಡಿ. ನೆರೆಯ ಒಂಟಿ ಅಜ್ಜಿ, ವಿಧುರರಾದ ಚಿಕ್ಕಪ್ಪ, ಮನೆ ಬಿಟ್ಟು ದೂರದಲ್ಲಿ ಬಾಡಿಗೆ ಕೋಣೆಯಲ್ಲಿರುವ ಯುವಕ, ಯಾರನ್ನಾದರೂ ಕರೆಯಿರಿ. ಸರೆಪ್ತದ ವಿಧವೆಯ ಮಡಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು ಮಾತ್ರ (1 ಅರಸುಗಳು 17). ಅದನ್ನು ಹಂಚಿದ ಮೇಲೆಯೇ ಮಡಕೆ ಬರಿದಾಗದೆ ಉಳಿಯಿತು.

5. ಧರ್ಮಸಭೆಯ ಕಾಲವನ್ನು ಮರೆಯಬೇಡಿ. 2018 ಮತ್ತು 2024ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 14ರಂದೇ ಬಂದಿತ್ತು. 2029ರಲ್ಲೂ ಹಾಗೆಯೇ ಬರುತ್ತದೆ. ಅಂಥ ವರ್ಷ ಮಿಠಾಯಿಯನ್ನು ಮಂಗಳವಾರವೇ ಹಂಚಿಕೊಂಡು, ಬುಧವಾರ ಕೂಡಿಯೇ ಉಪವಾಸ ಮಾಡಿ. ಕೂಡಿ ಉಪವಾಸ ಮಾಡುವುದೂ ಪ್ರೀತಿಯೇ.

ಒಂದು ಎಚ್ಚರಿಕೆ. ಕುಡಿದು ಹೊಡೆಯುವ ಮನೆಯಲ್ಲಿ ಒಂದು ಲೋಟ ಚಹಾ ಎಲ್ಲವನ್ನೂ ಸರಿಮಾಡುತ್ತದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಬೇಕಾದದ್ದು ರಕ್ಷಣೆ ಮತ್ತು ಸಹಾಯ. ಅಂಥ ನೋವಿನಲ್ಲಿರುವ ಸಹೋದರಿಯರು ಅದನ್ನು ಶಿಲುಬೆಯೆಂದು ಮೌನವಾಗಿ ಹೊರಬೇಡಿ. ನಂಬಿಕಸ್ಥರಿಗೆ ಹೇಳಿ, ನಿಮ್ಮ ಗುರುಗಳಿಗೆ ಹೇಳಿ.

ಉಳಿದ ನಾವೆಲ್ಲ? ನಮ್ಮಲ್ಲಿ ಹೆಚ್ಚಿನವರು ಆ ತಾಯಿಯ ಪತಿಯಂಥವರು. ಕೆಟ್ಟವರಲ್ಲ, ನಾಳೆ ಕೂತರಾಯಿತು ಎಂದುಕೊಂಡವರು. ಎರಡನೇ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಗೃಹಧರ್ಮಸಭೆ ಎಂದು ಕರೆಯಿತು. ಆ ಸಭೆಗೂ ಒಂದು ಪೀಠ ಬೇಕು. ಅದು ನಿಮ್ಮ ಮನೆಯ ಊಟದ ಮೇಜಾದರೂ ಆಗಬಹುದು, ನೆಲದ ಮೇಲೆ ಹಾಸಿದ ಚಾಪೆಯಾದರೂ ಆಗಬಹುದು. ಭಾನುವಾರ ಪರಮಪ್ರಸಾದದ ಮೇಜಿನಿಂದ ಎದ್ದು ಬಂದವರು ಮನೆಯಲ್ಲಿ ಬೇರೆ ಬೇರೆ ಮೂಲೆ ಹಿಡಿದರೆ, ನಾವು ಪಡೆದದ್ದಾದರೂ ಏನು?

ಆ ತಾಯಿಗೆ ಪ್ರೀತಿ ಸಿಕ್ಕಿದ್ದು ಒಂದು ಮುಚ್ಚಳದಷ್ಟು, ಅದೂ ಕೊನೆಯ ವಾರದಲ್ಲಿ. ನಿಮ್ಮ ಮನೆಯಲ್ಲಿ ಇಂದೇ ಲೋಟಗಳಿವೆ, ಹಾಲಿದೆ, ಎದುರಿಗೆ ಆ ವ್ಯಕ್ತಿಯೂ ಇದ್ದಾರೆ. ಕರೆದು ಕೂರಿಸಿ.

ಕುಟುಂಬದಲ್ಲಿ ಚರ್ಚಿಸಲು

• ನಾವೆಲ್ಲರೂ ಒಟ್ಟಿಗೆ ಕುಳಿತು ಚಹಾ ಅಥವಾ ಕಾಫಿ ಕುಡಿದದ್ದು ಕಡೆಯದಾಗಿ ಯಾವಾಗ?
• ನಮ್ಮ ಮನೆಯಲ್ಲಿ ಯಾವಾಗಲೂ ಕೊನೆಗೆ, ನಿಂತೇ ತಿನ್ನುವವರು ಯಾರು?
• ಈ ವಾರ ಹೆಚ್ಚಿನ ಲೋಟ ಯಾರಿಗೆ?

ಪ್ರಾರ್ಥನೆ

ಸರೋವರದ ದಡದಲ್ಲಿ ಶಿಷ್ಯರಿಗಾಗಿ ಒಲೆ ಹೊತ್ತಿಸಿದ ಸ್ವಾಮಿ, ನಮ್ಮ ಅಡುಗೆಮನೆಗೂ ಬನ್ನಿ. ಲೆಕ್ಕ ಕೇಳುವ ಮೊದಲು ಬಡಿಸುವುದನ್ನು ನಮಗೆ ಕಲಿಸಿ. ನಮ್ಮವರು ಬದುಕಿರುವಾಗಲೇ ಅವರ ಪಕ್ಕದಲ್ಲಿ ಕೂರುವ ಮನಸ್ಸು ಕೊಡಿ. ಆಮೆನ್.