ಥಂಡಿಗೆ ಅಂಜಬ್ಯಾಡ, ಹಸಿಗೆ ಅಂಜು

ತಮ್ಮಾ, ದೀಪಾವಳಿ ಮುಗೀತು, ಹೊಳಿ ನೀರು ತಿಳಿ ಆತು. ಇನ್ನ ಆಯಿತವಾರ ಬಂತಂದ್ರ ನೀವು ಹುಡುಗ್ರು ಗಾಳ ತಗೊಂಡು ಖಾನಾಪುರದ ಕಡೆ ಗಾಡಿ ತಿರುಗಸ್ತೀರಿ. ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಮಲಪ್ರಭಾ ದಂಡಿಗೆ ಗಾಳ ಒಗದು ಸುಮ್ಮನ ಕುಂದರೂ ಸುಖ ನನಗೂ ಗೊತ್ತೈತಿ. ಆದ್ರ ಹೋಗೂ ಮೊದಲ ಈ ಹಿರಿಯಾನ ನಾಕ ಮಾತು ಕಿವಿಮ್ಯಾಲ ಹಾಕ್ಕೊಂಡು ಹೋಗು.

ನಮ್ಮ ಕಡೀ ಥಂಡಿ ಭಾಳ ಮೋಸದ್ದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಾಗ ಐತಿ. ಡಿಸೆಂಬರ್, ಜನವರಿ ನಸುಕಿನ್ಯಾಗ 13-14 ಡಿಗ್ರಿಗೆ ಇಳೀತೈತಿ, ಕೆಲವು ದಿನ ಅದಕ್ಕಿಂತ ಕೆಳಗ. ಹಿಮ ಬೀಳೂದಿಲ್ಲಲ್ಲ, ಅದಕ್ಕ ಯಾರೂ ತಯಾರಿ ಮಾಡ್ಕೊಳ್ಳೂದಿಲ್ಲ. ಮೋಸ ಇರೂದ ಅಲ್ಲಿ. ರಾತ್ರಿ ಥಂಡಿ ಹವಾ ಭಾರ ಆಗಿ ತಗ್ಗಿಗೆ ಇಳೀತೈತಿ. ಹೊಳಿ ಹರಿಯೂದೂ ತಗ್ಗಿನ್ಯಾಗ. ಊರಾಗ ಬರೇ ಅಂಗಿ ಸಾಕಾಗಿದ್ದಂವಗ ಹೊಳಿ ದಂಡಿಗೆ ಹಲ್ಲು ಕಟಕಟ ಅಂತಾವ.

ಒಣಾ ಮೈಗೆ ಈ ಥಂಡಿ ಏನೂ ಮಾಡೂದಿಲ್ಲ. ತೊಯ್ದ ಮೈಗೆ ಮಾತ್ರ ಇದ ಥಂಡಿ ವೈರಿ ಆಗ್ತೈತಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜಲ್ದಿ ಮೈಯಾನ ಕಾವು ಎಳಕೊಳ್ತೈತಿ. ಮ್ಯಾಲ ಗಾಳಿ ಬೀಸಿತಂದ್ರ ಹಸಿ ಅರಿವಿ ಆರೂ ಮುಂದ ಇನ್ನಷ್ಟು ಕಾವು ಹೋಗ್ತೈತಿ. ಅದಕ್ಕ ಬೆಚ್ಚಗಿರೂದು ಅಂದ್ರ ದಪ್ಪನ ಜಾಕೀಟ ಹಾಕ್ಕೊಳ್ಳೂದಲ್ಲ, ಒಣಗಿರೂದು.

ಮೊದಲ ಜೀನ್ಸ್ ಪ್ಯಾಂಟ್ ಮನ್ಯಾಗ ಬಿಡು. ಅರಳಿ ಅರಿವಿ ನೀರು ಕುಡದು ಭಾರ ಆಗಿ ಮೈಗೆ ಅಂಟ್ಕೊಂಡು ಕೂಡತೈತಿ, ಮಧ್ಯಾಹ್ನ ಆದ್ರೂ ಒಣಗೂದಿಲ್ಲ. ತೆಳ್ಳಗಿಂದು, ಜಲ್ದಿ ಆರೂವಂಥಾದ್ದು ಹಾಕ್ಕೊ. ಒಂದ ದಪ್ಪನ ಸ್ವೆಟರಿಗಿಂತ ಒಂದರ ಮ್ಯಾಲ ಒಂದು ಎರಡು-ಮೂರು ತೆಳ್ಳನ ಅಂಗಿ ಚಲೋ. ನಡುವ ಸಿಕ್ಕ ಹವಾನ ಬೆಚ್ಚಗ ಇಡ್ತೈತಿ, ಬಿಸಲೇರಿದ ಮ್ಯಾಲ ಒಂದೊಂದ ಬಿಚ್ಚಾಕೂ ಬರ್ತೈತಿ. ಬೆವರಿನಿಂದ ತೊಯ್ಯೂದೂ ತೊಯ್ಯೂದ, ಅದನ್ನ ಮರೀಬ್ಯಾಡ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕ್ಕೊಂಡು ದಿಬ್ಬ ಏರಿಳಿದ್ರ ಒಳಗಿನಿಂದ ತೊಯ್ತಿ.

ಇನ್ನ ಕಂಬಳಿ. ಹಳೀದಂತ ನಗಬ್ಯಾಡ. ಕುರುಬ್ರು ನೇಯ್ದ ಕರೀ ಕಂಬಳಿಗೆ ಸಮ ಆಗೂವಂಥಾದ್ದು ನಾ ನೋಡಿಲ್ಲ. ಉಣ್ಣಿ ಎಳಿ ತನ್ನ ತೂಕದ ಮೂರರಾಗ ಒಂದು ಪಾಲಿನ ತನಕ ಹಸಿ ಹೀರಿದ್ರೂ ಮುಟ್ಟಿದ್ರ ತೊಯ್ದಂಗ ಅನಸೂದಿಲ್ಲ, ತೊಯ್ದ ಮ್ಯಾಲೂ ಒಂದೀಟು ಬೆಚ್ಚಗ ಇಡ್ತೈತಿ. ಕುರಿ ಕಾಯೂ ಮಂದಿ ಮಳ್ಯಾಗ, ಚಳ್ಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು ಅಡವ್ಯಾಗ ರಾತ್ರಿ ಕಳೀತಾರಲ್ಲ, ಅದು ಬಡತನಕ್ಕಲ್ಲ, ತಿಳವಳಿಕಿಗೆ. ಹೊಳಿ ದಂಡಿಗೆ ನೀನೂ ಹಂಗ ಕೊಪ್ಪಿ ಹಾಕ್ಕೊಂಡು ಕುಂದರು. ಬುಡಕ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ ಮಡಚಿದ ಗೋಣಿಚೀಲ ಇರಲಿ. ಹಸಿ ನೆಲ, ಕಲ್ಲುಬಂಡಿ ಕುಂತಲ್ಲೇ ಕಾವು ಎಳೀತಾವ.

ಕಾಲು ತೊಯ್ಯೂದು ಹೊಳ್ಯಾಗಲ್ಲ, ಹೊಳಿಗೆ ಹೋಗೂ ದಾರ್ಯಾಗ. ಭತ್ತದ ಗದ್ದಿ ಬದುವಿನ ಹುಲ್ಲಿನ ಮ್ಯಾಲ ಇಬ್ಬನಿ ನಿಂತಿರ್ತೈತಿ, ದಂಡಿ ಮುಟ್ಟೂದ್ರಾಗ ಬೂಟು, ಕಾಲುಚೀಲ ಎಲ್ಲಾ ಹಸಿ. ಅದಕ್ಕ ದಾರ್ಯಾಗ ಚಪ್ಪಲಿ ಇರಲಿ. ದಂಡಿಗೆ ಹೋಗಿ ಕಾಲು ಒರಿಸ್ಕೊಂಡು ಒಣಾ ಕಾಲುಚೀಲ, ಬೂಟು ಹಾಕ್ಕೊ. ಮೀನಿನ ಆಸೇಕ್ಕ ಮೊಳಕಾಲ ತನಕ ನೀರಿಗಿಳದು ನಿಂದರಬ್ಯಾಡ. ಅಸೋಗಾದ ಕಡೆ ಬಂಡಿಗಳ ಮ್ಯಾಲ ಪಾಚಿ ಇರ್ತೈತಿ, ಜಾರಿದ್ರ ಬರೇ ತೊಯ್ಯೂದಲ್ಲ, ಜೀವಕ್ಕ ಬರ್ತೈತಿ. ಅಲ್ಲಿ ಹೊಳಿ ದಂಡಿಗಿರೂ ಗುಡಿ ಮುಂದಂತೂ ಗಾಳ ಒಗೀಲೇಬ್ಯಾಡ.

ಮೀನು ಹಿಡದ ಕೈ ಪ್ರತೀ ಸಲ ಒಣಾ ಟಾವೆಲ್ಲಿಗೆ ಒರಿಸ್ಕೊ. ಕೈ ಮರಗಟ್ಟಿದ್ರ ಗಾಳ ಮೀನಿನ ಬಾಯಾಗಿಂದ ಬಿಡಿಸೂ ಮುಂದ ನಿನ್ನ ಬೆರಳಿಗೆ ಸಿಗ್ತೈತಿ. ನೂಲಿನ ಗಂಟು ಹಾಕಾಕ ಬೆರಳು ಕೇಳವಲ್ಲವು ಅನಸಿದಾಗ ಎದ್ದು ಬಿಸಲಿಗೆ ಹೋಗಿ ಅಡ್ಡಾಡು. ಜೋಡಿದಾರ ತೊಯ್ದು ಗಡಗಡ ನಡಗಾಕತ್ತಿದ್ರ ಹಸಿ ಅರಿವಿ ಬಿಚ್ಚಿಸಿ, ಒಣಾದ್ದು ಹಾಕಿಸಿ, ತಲಿ ಮುಚ್ಚಿ, ಬಿಸಿ ಸಕ್ಕರಿ ಚಾ ಕುಡಸು. ನಡುಗಿದಂವ ಒಮ್ಮಿಂದೊಮ್ಮೆ ನಡುಗೂದು ನಿಲ್ಲಿಸಿ ಮಂಕಾದ್ರ, ಮಾತು ತೊದಲಿದ್ರ, ಆರಾಮ ಆತಂತ ತಿಳೀಬ್ಯಾಡ. ಅಂವಗ ಕುಡಿಯಾಕ ಒತ್ತಾಯ ಮಾಡಬ್ಯಾಡ, ಸೀದಾ ಖಾನಾಪುರದ ಆಸ್ಪತ್ರಿಗೆ ಹೊಂಡು.

ಕುಡಿಯೂ ಮಾತು ಬಂತು ನೋಡು. ಗೋವಾ ಗಡಿ ಹತ್ರ, ಚೀಲದಾಗ ಬಾಟ್ಲಿ ಬರೂದೂ ಗೊತ್ತೈತಿ ನನಗ. ಸೆರಿ ಮೈ ಬೆಚ್ಚಗ ಮಾಡೂದಿಲ್ಲ. ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಕಾವು ಹೊರಗ ತಂದು ಚೆಲ್ತೈತಿ. ಬೆಚ್ಚಗ ಅನಸೂದು ಆ ಹೋಗೂ ಕಾವು. ಮ್ಯಾಲ ನೀರು, ಬಂಡಿ, ಗಾಡಿ ಬ್ಯಾರೆ. ಅದರ ಬದ್ಲಿ ಥರ್ಮಾಸಿನ್ಯಾಗ ಚಾ ಇರಲಿ. ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಒಂದು ತುಣುಕು ಬೆಲ್ಲ. ಭೋಗಿಗೆ ನಮ್ಮ ಹೆಣ್ಣುಮಕ್ಕಳು ಇದನ್ನ ಮಾಡೂದು ಸುಮ್ಮನಲ್ಲ, ಎಣ್ಣಿ ಇರೂ ಕಾಳು ಚಳಿಗಾಲದಾಗ ಮೈಗೆ ಬೇಕಾದ ಉರುವಲು ಕೊಡ್ತಾವ.

ಬೆಂಕಿ ಹಾಕೂ ಮುಂದ ವಿಚಾರ ಮಾಡು. ಸುತ್ತ ಹುಲ್ಲು ಒಣಗಿರ್ತೈತಿ, ಅಡವಿ ಹತ್ರ ಕಿಡಿ ಹಾರಿದ್ರ ಊರಿಗೇ ಹತ್ತತೈತಿ. ಭೀಮಗಡ ಅಡವಿ 2011ರಿಂದ ವನ್ಯಜೀವಿಧಾಮ, ಅದರೊಳಗ ಬೆಂಕಿನೂ ಬ್ಯಾಡ, ಗಾಳಾನೂ ಬ್ಯಾಡ. ರಕ್ಕಸಕೊಪ್ಪ ಡ್ಯಾಮಿನ ನೀರು ಬೆಳಗಾವಿ ಮಂದಿ ಕುಡಿಯೂ ನೀರು, ಅಲ್ಲಿ ಕೇಳದ ಇಳೀಬ್ಯಾಡ. ಇದ್ದಲಿ ಶೆಗಡಿ ಹಚ್ಚಿ ಕಾರಿನ್ಯಾಗರ ಡೇರೆದಾಗರ ಬಾಗಲಾ ಮುಚ್ಕೊಂಡು ಮಲಗಿದ್ರ ವಾಸನಿ ಇಲ್ಲದ ವಿಷಗಾಳಿ ತುಂಬಿ ನಿದ್ದ್ಯಾಗ ಜೀವ ಹೋಗ್ತೈತಿ. ಅದನ್ನ ಮಾತ್ರ ಎಂದೂ ಮಾಡಬ್ಯಾಡ.

ಎಲ್ಲಾರೂ ಮರಿಯೂದು ತಿರುಗಿ ಬರೂ ದಾರಿ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಗಾಡಿ ಮ್ಯಾಲ ಗಾಳಿಗೆ ಎದಿ ಒಡ್ಡಿ ಕುಂತ್ರ, ಇಡೀ ದಿನ ಹೊಳ್ಯಾಗ ತಡಕೊಂಡ ಮೈ ಆ ಒಂದು ತಾಸಿನ್ಯಾಗ ಸೋಲ್ತೈತಿ. ಹೊಂಡೂ ಮೊದಲ ಬನಿಯನ್ ಬದಲಿಸು, ಎದಿ ಮ್ಯಾಲ ಅಂಗಿ ಒಳಗ ಎರಡು ಹಾಳಿ ಪೇಪರ್ ಸೇರಿಸು, ಕಿವಿಗೆ ಮಫ್ಲರ್ ಸುತ್ತಿ ಅದರ ಮ್ಯಾಲ ಹೆಲ್ಮೆಟ್ ಹಾಕ್ಕೊ.

ಇನ್ನೊಂದು ಮಾತು. ಇಷ್ಟೆಲ್ಲಾ ಕಷ್ಟಪಟ್ಟು ಐದಕ್ಕ ಎದ್ದು ಓಡೂ ಜರೂರತ್ತೂ ಇಲ್ಲ. ಮೀನಿನ ಮೈಗೆ ತನ್ನದಂತ ಕಾವಿಲ್ಲ, ನೀರಿನ ಕಾವ ಅದರ ಕಾವು. ಥಂಡಿ ನೀರಾಗ ಕಾಟ್ಲಾ, ರೋಹು ಮಂದ ಆಗಿ ಮೇವು ಕಡಿಮಿ ಮಾಡ್ತಾವ. ಬಿಸಲೇರಿ ನೀರು ಒಂದೀಟು ಬೆಚ್ಚಗಾದ ಮ್ಯಾಲ ಬಾಯಿ ತೆರೀತಾವ. ಹಂಗಾಗಿ ಚಳಿಗಾಲದಾಗ ಮನ್ಯಾಗ ಬಿಸಿ ನಾಷ್ಟಾ ಮಾಡ್ಕೊಂಡು, ಬಿಸಲ ಬಿದ್ದ ಮ್ಯಾಲ ಹೋಗು, ಹೊತ್ತು ಮುಳುಗೂ ಮೊದಲ ಮನಿ ಸೇರು.

ಬಾಕಿ ಎಲ್ಲಾ ಮರತ್ರೂ ಇದೊಂದು ಮರೀಬ್ಯಾಡ ತಮ್ಮಾ: ಒಂದು ಜೋಡಿ ಒಣಾ ಅರಿವಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಗಾಡಿ ಡಿಕ್ಕ್ಯಾಗ ಇಟ್ಕೊ. ಅದು ತೊಯ್ದಿತಂದ್ರ ಆ ದಿನದ ಮೀನು ಮುಗೀತಂತ ತಿಳಕೊಂಡು ಸೀದಾ ಮನಿಗೆ ಬಾ.